ಆ ಮನೆಯವರು ಕರೆದರೆ

ಅಕ್ಟೋಬರ್ ೧೪. ಬಿಸಿಲು, ಕಡಲಗಾಳಿ ಜೋರು.

ದಿನಚರಿ ಬರೆಯುವಾಗ ಮೊದಲು ಹವೆ ಬರೆಯಬೇಕು ಅಂತ ಅಕ್ಷರದ ಕ್ಲಾಸಿನ ಮೇಡಂ ಹೇಳಿಕೊಟ್ಟಿದ್ದಾಳೆ. ಬರೆದಾಯಿತು. ಚಿಕ್ಕಂದಿನಲ್ಲಿ ಎರಡು ಚಳಿಗಾಲ ಶಾಲೆಗೆ ಹೋಗಿ ಬಿಟ್ಟವಳು ನಾನು, ಎಪ್ಪತ್ತು ದಾಟಿದ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ. ಓದಲು ಬಂದದ್ದಕ್ಕೆ ಇಷ್ಟು ದಿನ ಹಿಗ್ಗುತ್ತಿದ್ದೆ. ಇವತ್ತು ಯಾಕಾದರೂ ಕಲಿತೆನೋ ಅನ್ನಿಸಿತು.

ಬೆಳಿಗ್ಗೆ ಫೋನಿಗೆ ಸರ್ಕಾರದ್ದೊಂದು ತಿಳಿವಳಿಕೆ ಬಂತು. ನಿಮ್ಮ ಮನೆಯಲ್ಲಿ ಮಗು ಇರುವುದರಿಂದ ತಿಳಿಸುತ್ತಿದ್ದೇವೆ ಅಂತ ಶುರು. ಕೆಳಗೆ ಒಬ್ಬ ಗಂಡಸಿನ ಫೋಟೋ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಅಕ್ಷರ ಕೂಡಿಸಿ ಓದುವ ಮೊದಲೇ ಮುಖದ ಗುರುತು ಸಿಕ್ಕಿತು. ಹೇನಮ್ ಅಕ್ಕನ ಮಗ ಚಂಗ್ಯೊಲ್. ಟ್ಯೂಷನ್ ಮಕ್ಕಳ ವ್ಯಾನು ಓಡಿಸುತ್ತಿದ್ದನಂತೆ. ಹನ್ನೆರಡು ವರ್ಷದ ಹುಡುಗಿಯಂತೆ. ಮುಂದಿನದನ್ನು ನಾನು ಬರೆಯಲಾರೆ. ಜೈಲು ಮುಗಿಸಿ, ಕಾಲಿಗೆ ಯಂತ್ರದ ಕಡಗ ಹಾಕಿಸಿಕೊಂಡು ತಾಯಿಯ ಮನೆಗೆ ಬಂದಿದ್ದಾನೆ. ದೂರದ ಹಡಗಿನಲ್ಲಿ ಮೀನು ಹಿಡಿಯಲು ಹೋಗಿದ್ದಾನೆ ಅಂತ ಅಕ್ಕ ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈ ಊರಿಗೆ ಸೊಸೆಯಾಗಿ ಬಂದವರಿಗೆ ತವರೂರೇ ಹೆಸರು. ನಾನು ಕಾಂಗ್ಜಿನ್, ಅವಳು ಹೇನಮ್. ನನಗಿಂತ ಎರಡು ವರ್ಷ ದೊಡ್ಡವಳು. ನಡುವೆ ಮೂರು ಮನೆ. ನನ್ನ ಗಂಡ ಸತ್ತಾಗ ಬಂದ ಜನಕ್ಕೆಲ್ಲ ಸೂಪು ಕುದಿಸಿ ಬಡಿಸಿದವಳು ಅವಳೇ. ನನ್ನ ಮೊಮ್ಮಗಳು ಸೆಬೊಮ್ ಶಾಲೆ ಬಸ್ಸಿಳಿದರೆ ಮೊದಲು ಹೋಗುವುದು ಅವಳ ಮನೆಗೆ, ಬೇಯಿಸಿದ ಗೆಣಸು ತಿನ್ನಲು.

"ನಿನ್ನೆ ಹೋಗಿದ್ಯಲ್ಲ, ಆ ಮನೇಲಿ ಯಾರಿದ್ರು?" ಅಂತ ಕೇಳಿದೆ.

"ಒಬ್ಬ ಮಾಮ ಇದ್ದ ಅಜ್ಜಿ. ಟಿ.ವಿ. ನೋಡ್ತಿದ್ದ."

ಕೈಯಲ್ಲಿದ್ದ ಅನ್ನದ ಬಟ್ಟಲು ಜಾರಿ ಒಡೆಯಿತು.

ಈ ವಿಷಯ ಬೇರೆಯವರಿಗೆ ಹರಡಿದರೆ ಶಿಕ್ಷೆ ಅಂತ ತಿಳಿವಳಿಕೆಯ ಕೊನೆಯಲ್ಲಿ ಬರೆದಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲೇ ಊರಿಗೆಲ್ಲ ಹೇಳಿ ಮುಗಿಸಿದ್ದೆ.

ಅಕ್ಟೋಬರ್ ೧೫. ಬಿಸಿಲು.

ಅಕ್ಕನ ಗೋಡೆಯ ಈಚೆ ನಿಂತು ಕೇಳಿಯೇಬಿಟ್ಟೆ.

"ಹಡಗಲ್ಲಿದಾನೆ ಅಂದ್ಯಲ್ಲ ಅಕ್ಕ, ಕಂಬಿ ಹಾಕಿರೋ ಹಡಗು ಯಾವ ಸಮುದ್ರದಲ್ಲಿದೆ?"

ಅವಳು ಮೂಲಂಗಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಇನ್ನೇನಂತ ಹೇಳ್ಬೇಕಿತ್ತು? ನೀನೇ ಹೇಳ್ಕೊಡು."

"ನನ್ನ ಮೊಮ್ಮಗಳನ್ನ ಅವನ ಮುಂದೆ ಕೂರಿಸಿ ಗೆಣಸು ತಿನ್ನಿಸಿದ್ಯಲ್ಲೇ!"

"ನಾನು ಪಕ್ಕದಲ್ಲೇ ಇದ್ದೆ ಕಣೆ. ಒಂದು ಗಳಿಗೆ ಬಿಟ್ಟು ಅಲ್ಲಾಡಿಲ್ಲ."

"ಅಂದ್ರೆ ಬಿಟ್ಟು ಅಲ್ಲಾಡಬಾರದು ಅಂತ ನಿನಗೂ ಗೊತ್ತಿತ್ತು."

ಚಾಕು ನಿಂತಿತು. ಒಳಗೆ ಬಾಗಿಲ ಸಂದಿಯಲ್ಲಿ ಯಾರೋ ಸರಿದಂತಾಯಿತು. ಮನೆಗೆ ಓಡಿಬಂದೆ, ನನ್ನ ಮಂಡಿಗೆ ಆಪರೇಷನ್ ಆಗಿದೆ ಅನ್ನುವುದು ಆಮೇಲೆ ನೆನಪಾಯಿತು.

ಅಕ್ಟೋಬರ್ ೧೭. ಮೋಡ.

ಸೆಬೊಮ್‌ಳ ತಾಯಿ, ನನ್ನ ಮಗಳು ಮಿಜೊಂಗ್‌ಗೆ ಫೋನ್ ಮಾಡಿದೆ. ಅವಳು ಹಡಗು ಕಟ್ಟುವ ಊರಿನಲ್ಲಿ ಕಾರ್ಖಾನೆಯ ಅಡುಗೆಮನೆಯಲ್ಲಿದ್ದಾಳೆ, ಮಲಗಲು ಒಂದು ಮಂಚದಷ್ಟು ಜಾಗ. ಮಗುವನ್ನು ಅಲ್ಲಿ ಎಲ್ಲಿ ಇಟ್ಟುಕೊಂಡಾಳು? ಅವಳು ಅತ್ತಳು, ನಾನು ಬೈದೆ.

ಸೆಬೊಮ್‌ಗೆ ಕಟ್ಟುನಿಟ್ಟು ಮಾಡಿದ್ದೇನೆ. ನಾನು ಬರುವ ತನಕ ಬಸ್ ನಿಲ್ದಾಣ ಬಿಟ್ಟು ಕದಲಬಾರದು. ಆ ಓಣಿಯಲ್ಲಿ ಕಾಲಿಡಬಾರದು. ಆ ಮನೆಯವರು ಯಾರೇ ಕರೆದರೂ ಹಿಂದೆ ತಿರುಗಿ ನೋಡದೆ ಓಡಬೇಕು.

"ಹೇನಮ್ ಅಜ್ಜಿ ಕರೆದ್ರೂನಾ?"

"ಅವಳು ಕರೆದ್ರೂನೂ."

"ಯಾಕೆ?"

"ಯಾಕೆ ಗೀಕೆ ಇಲ್ಲ. ಓಡು ಅಂದ್ರೆ ಓಡು."

ಹತ್ತು ವರ್ಷದ ಮಗುವಿಗೆ ಯಾಕೆ ಅಂತ ಯಾವ ಬಾಯಿಂದ ಹೇಳಲಿ? ಮೂರು ಸಲ ಬಾಯಿಪಾಠ ಮಾಡಿಸಿದೆ. ಆ ಮನೆಯವರು ಕರೆದರೆ? ಓಡಬೇಕು. ಜಾಣೆ.

ಅಕ್ಟೋಬರ್ ೨೩. ಬಿಸಿಲು. ಕಡಲಿನ ಇಳಿತ ಮಧ್ಯಾಹ್ನಕ್ಕೆ.

ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿದರು. ಊರ ಯಜಮಾನ ಪ್ಯೊ ಪೇಟೆಯಿಂದ ಮಾಡಿಸಿಕೊಂಡು ಬಂದ. 'ಮಕ್ಕಳ ಊರಲ್ಲಿ ಮೃಗಕ್ಕೆ ಜಾಗವಿಲ್ಲ.' ಮಾತು ನನ್ನದೇ. ಈ ಊರಿನಲ್ಲಿ ಮಕ್ಕಳು ಅಂತ ಇರುವುದು ಸೆಬೊಮ್ ಮತ್ತು ಯಜಮಾನನ ತಮ್ಮನ ಹಸುಗೂಸು, ಅಷ್ಟೇ. ಇರಲಿ.

ಊರಿಗೆಲ್ಲ ಸೇರಿದ ಊರಮನೆಯಲ್ಲಿ, ಅಡಿಯಿಂದ ಕಾಯಿಸಿದ ಬಿಸಿನೆಲದ ಮೇಲೆ ನಾವು ಮುದುಕಿಯರು ದಿನಾ ಒಟ್ಟಿಗೆ ಉಂಡು ಇಸ್ಪೀಟಾಡುತ್ತೇವೆ. ಅಕ್ಕ ಕೂರುತ್ತಿದ್ದ ಮೂಲೆಯಲ್ಲಿ ಯಾರೋ ಅಕ್ಕಿಚೀಲ ಇಟ್ಟಿದ್ದಾರೆ. ಯಾರು ಅಂತ ನಾನು ಕೇಳಲಿಲ್ಲ. ನಾನೇ ಇಟ್ಟಿದ್ದು.

ಇನ್ನು ಮೇಲೆ ಅವಳು ಇಳಿತದ ಹೊತ್ತು ಕೆಸರುಬಯಲಿಗೆ ಚಿಪ್ಪು ಆಯಲು ನಮ್ಮ ಜೊತೆ ಬರುವಂತಿಲ್ಲ. ನಾವು ಎದ್ದುಬಂದ ಮೇಲೆ, ನೀರು ಏರಲು ತಿರುಗುವ ಹೊತ್ತಿನಲ್ಲಿ, ಒಬ್ಬಳೇ ಹೋಗಬೇಕು ಅಂತ ಚಿಪ್ಪು ಆಯುವವರ ಸಂಘದಲ್ಲಿ ತೀರ್ಮಾನವಾಯಿತು. ಅವಳು ಕೆಸರುಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಿಂದ ಕೆಸರು ತಳ್ಳುತ್ತ ಜಾರಿಕೊಂಡು ದೂರ ಹೋದಳು. ಎಪ್ಪತ್ತಾರು ವರ್ಷ. ಬಾತುಕೋಳಿಯ ಹಾಗೆ ಜಾರುತ್ತಾಳೆ ಈಗಲೂ.

ಸಂಜೆ ಅವಳ ಫೋನ್ ಬಂತು. ಎತ್ತಲಿಲ್ಲ.

ನವೆಂಬರ್ ೧. ಚಳಿ.

ನಿಗಾ ಇಲಾಖೆಯ ಆಫೀಸರು ಊರಮನೆಗೆ ಬಂದಿದ್ದಳು. ಮೆಂಗ್ ಅಂತ ಹೆಸರು. ಮೂವತ್ತೈದಿರಬಹುದು, ಕಣ್ಣ ಕೆಳಗೆ ಕಪ್ಪು. ಬ್ಯಾನರ್ ತೆಗೆಯಿರಿ ಅಂತ ಹೇಳಲು ಬಂದವಳು.

"ಅವನ ಕಾಲಿನ ಕಡಗ ಎಲ್ಲಿದೆ ಅಂತ ನಮ್ಮ ಪರದೆ ಮೇಲೆ ಸದಾ ಕಾಣ್ತಿರುತ್ತೆ. ಮಧ್ಯಾಹ್ನದಿಂದ ಸಂಜೆವರೆಗೆ, ಮಕ್ಕಳು ಓಡಾಡೋ ಹೊತ್ತಲ್ಲಿ ಅವನು ಹೊಸ್ತಿಲು ದಾಟೋ ಹಾಗಿಲ್ಲ," ಅಂದಳು.

"ಪರದೆ ಮೇಲೆ ಕಾಲು ಕಾಣುತ್ತೆ. ಕೈ ಕಾಣುತ್ತಾ?" ಅಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ಅಜ್ಜಿ, ಒಂದು ಮನೆ, ಒಬ್ಬ ತಾಯಿ, ಒಂದು ಕೆಲಸ. ಇವು ಉಳಿದ್ರೆ ಇಂಥವರು ಮತ್ತೆ ತಪ್ಪು ಮಾಡೋದು ಕಡಿಮೆ. ನೀವು ಓಡಿಸಿದ್ರೆ ಅವನೇನು ಮಾಯವಾಗಲ್ಲ. ಇನ್ನೊಂದು ಊರಲ್ಲಿ, ಯಾರಿಗೂ ಮುಖ ಗೊತ್ತಿಲ್ಲದ ಕಡೆ ಬಾಡಿಗೆ ಕೋಣೇಲಿ ಇರ್ತಾನೆ."

"ಇರ್ಲಿ ಬಿಡು, ಅದು ಆ ಊರಿನ ತಲೆನೋವು," ಅಂದ ಪ್ಯೊ. "ನೀನು ಒಂದು ಮಾತು ಹೇಳು. ಇವನು ಮತ್ತೆ ಮಾಡಲ್ಲ ಅಂತ ಗ್ಯಾರಂಟಿ ಕೊಡ್ತೀಯಾ?"

"ಇಲ್ಲ."

ಅಷ್ಟು ಹೊತ್ತಿನಲ್ಲಿ ಆ ಹೆಣ್ಣು ಆಡಿದ ಮಾತುಗಳಲ್ಲಿ ನಾನು ನಂಬಿದ್ದು ಅದೊಂದನ್ನೇ.

ಹೊರಗೆ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಹಿಡಿದು ಕೇಳಿದೆ. "ನಿನಗೆ ಮಕ್ಕಳಿದಾವಾ?"

"ಒಬ್ಬಳು ಮಗಳು. ಏಳು ವರ್ಷ."

"ಅವನ ಮನೆಯೊಳಗೆ ಹೋಗ್ತೀಯಲ್ಲ, ಭಯ ಆಗಲ್ವಾ?"

ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. "ಒಬ್ಬಳೇ ಹೋಗಲ್ಲ ಅಜ್ಜಿ. ಯಾವತ್ತೂ ಒಬ್ಬಳೇ ಹೋಗಲ್ಲ." ಆಮೇಲೆ ತಿರುಗಿ, "ಮಗುಗೆ ಏನು ಹೇಳಿದೀರಾ?" ಅಂದಳು.

"ಓಡು ಅಂದಿದೀನಿ."

"ಯಾವುದರಿಂದ ಅಂತ ಹೇಳಿಲ್ವಾ?"

ನಿನ್ನ ಕೆಲಸ ನೀನು ನೋಡು ಅಂದೆ.

ನವೆಂಬರ್ ೮. ಮಳೆ.

ಸೆಬೊಮ್ ರಾತ್ರಿ ಹಾಸಿಗೆ ಒದ್ದೆ ಮಾಡಿದಳು. ಹತ್ತು ವರ್ಷದವಳು! ಹವೆ ಬದಲಾಗಿದೆ, ಅದಕ್ಕೇ. ಮಾತೂ ಕಡಿಮೆಯಾಗಿದೆ. ಒಳ್ಳೆಯದೇ. ಮೊದಲು ಬಾಯಿಬಡುಕಿಯಾಗಿದ್ದಳು.

ಕಿಟಕಿಗೆ ಹಲಗೆ ಹೊಡೆಸಿದೆ. ಕಳೆಗುದ್ದಲಿ ಬಾಗಿಲ ಹಿಂದಿದೆ.

ನವೆಂಬರ್ ೧೨. ಮೋಡ.

ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಚಂಗ್ಯೊಲ್ ಕಣ್ಣಿಗೆ ಬಿದ್ದ. ತಾಯಿಯ ದಪ್ಪ ಚಡ್ಡಿ ಕೊಡವಿ ಹರಡುತ್ತಿದ್ದ. ಕೂದಲು ನೆರೆತಿದೆ. ಮೃಗದ ಹಾಗೆ ಕಂಡಿದ್ದರೆ ಚೆನ್ನಾಗಿತ್ತು. ಕಾಣಲಿಲ್ಲ, ಭಯ ಇನ್ನೂ ಹೆಚ್ಚಾಯಿತು.

ಅಕ್ಕನ ಫೋನ್. ಎತ್ತಲಿಲ್ಲ.

ನವೆಂಬರ್ ೧೬. ಬೆಳಿಗ್ಗೆ ಬಿಸಿಲು. ಆಮೇಲಿನದು ನೆನಪಿಲ್ಲ.

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಎದೆ ಒಡೆಯುತ್ತದೆ.

ಇವತ್ತು ಊರಮನೆಯಲ್ಲಿ ಮನವಿಗೆ ಸಹಿಯ ಬದಲು ಹೆಸರಿನ ಮೊಹರು ಒತ್ತುವ ಸಭೆ ಇತ್ತು. ಚಂಗ್ಯೊಲ್‌ನನ್ನು ಊರಿಂದ ಹೊರಹಾಕಿ ಅಂತ. ಮೊದಲ ಮೊಹರು ನನ್ನದು. ಅಷ್ಟರಲ್ಲಿ ಫೋನ್ ಅಲ್ಲಾಡಿತು. ಪರದೆಯ ಮೇಲೆ ಹೇನಮ್ ಅಂತ ಅಕ್ಷರ. ಬಿಟ್ಟೆ. ಮತ್ತೆ ಬಂತು. "ನೋಡ್ರೇ, ಗೊತ್ತಾಗಿಬಿಟ್ಟಿದೆ ಅವಳಿಗೆ, ಕಾಲು ಹಿಡಿಯೋಕೆ ಮಾಡ್ತಿದಾಳೆ," ಅಂದೆ. ಮೂರನೆಯ ಸಲ ಬಂದಾಗ ಫೋನನ್ನು ನೆಲದ ಮೇಲೆ ಮಗುಚಿಟ್ಟು ಮೇಲೆ ದಿಂಬು ಹಾಕಿದೆ. ಆಮೇಲೆ ಪ್ಯೊನ ಫೋನ್ ಹೊಡೆದುಕೊಂಡಿತು. "ನನಗೂ ಮಾಡ್ತಿದಾಳೆ," ಅಂತ ಅವನೂ ಕಟ್ ಮಾಡಿದ.

ಸ್ವಲ್ಪ ಹೊತ್ತಿಗೆ ಅವನಿಗೆ ಇನ್ನೊಂದು ಕರೆ. "ಇದು ಆ ಆಫೀಸರಮ್ಮ. ಇವಳ ಉಪದೇಶ ಎಲ್ಲರೂ ಕೇಳ್ರಪ್ಪ," ಅಂತ ಫೋನಿನ ಸದ್ದು ಜೋರು ಮಾಡಿ ಎಲ್ಲರ ನಡುವೆ ಹಿಡಿದ.

"ಕಾಂಗ್ಜಿನ್ ಅಜ್ಜಿ ಅಲ್ಲಿದಾರಾ? ಮಗು ಕೆಸರುಬಯಲಲ್ಲಿ ಸಿಕ್ಕಿಹಾಕಿಕೊಂಡಿದೆ. ನೀರು ಏರ್ತಿದೆ. ಬೇಗ!"

ಯಾರಿಗೂ ಚಪ್ಪಲಿ ಸಿಗಲಿಲ್ಲ. ಪ್ಯೊ ಊರಿಗೆಲ್ಲ ಕೇಳಿಸುವ ಮೈಕಿನ ಹತ್ತಿರ ಓಡಿದ. ಅಂಥ ಹೊತ್ತಿನಲ್ಲೂ ಆ ದಡ್ಡ "ಆ, ಆ, ಕೇಳಿಸ್ತಿದೆಯಾ" ಅಂದೇ ಶುರು ಮಾಡಿದ. ನಾನು ಬರಿಗಾಲಲ್ಲಿ ಕಡಲಕಟ್ಟೆಯ ಕಡೆ ಓಡಿದೆ.

ಆಗಿದ್ದು ಇಷ್ಟು. ಇವತ್ತು ಶಾಲೆ ಬೇಗ ಬಿಟ್ಟಿತ್ತು. ಆ ಸಂದೇಶ ಮುಂಚೆಯೇ ಬಂದು ಫೋನಿನಲ್ಲೇ ಕೂತಿತ್ತು, ಸಭೆಯ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ನಿಲ್ದಾಣದಲ್ಲಿ ಮಗುವಿಗೆ ನಾನು ಕಾಣಲಿಲ್ಲ. ಒಬ್ಬಳೇ ನಿಲ್ಲಲು ಹೆದರಿದ್ದಾಳೆ. ಹತ್ತಿರದ ದಾರಿ ಅಂದರೆ ಆ ಓಣಿ. ಅದು ಬೇಡವಲ್ಲ! ಕಡಲಕಟ್ಟೆ ಸುತ್ತಿ ಹೊರಟಿದ್ದಾಳೆ. ಕಟ್ಟೆಯೂ ದೂರ ಅನ್ನಿಸಿ ಕೆಸರಿಗೆ ಇಳಿದು ಅಡ್ಡ ಹಾಯ್ದಿದ್ದಾಳೆ. ನಮ್ಮ ಹೆಂಗಸರು ಎದ್ದು ಬಂದಾಗಿತ್ತು. ಅಲ್ಲಿದ್ದವಳು ಅಕ್ಕ ಒಬ್ಬಳೇ, ನಾವು ಕೊಟ್ಟ ಹೊತ್ತಿನಲ್ಲಿ.

ನೀರು ತಿರುಗಿದ್ದನ್ನು ನೋಡಿ ಅಕ್ಕ ಕೂಗಿದ್ದಾಳೆ. "ಸೆಬೊಮ್! ಆ ಕಡೆ ಕೊರಕಲಿದೆ! ಬಾರೇ ಈಚೆಗೆ!"

ಆ ಮನೆಯವರು ಕರೆದರೆ? ಓಡಬೇಕು.

ಓಡಿದ್ದಾಳೆ. ಹಿಂದೆ ತಿರುಗಿ ನೋಡದೆ, ನಾನು ಕಲಿಸಿದ ಹಾಗೆ, ನೇರ ಕೊರಕಲಿನ ಕಡೆಗೆ. ಅಕ್ಕ ಹಲಗೆ ತಳ್ಳಿಕೊಂಡು ಹತ್ತಿರ ಹೋದಷ್ಟೂ ಮಗು ಇನ್ನೂ ಒಳಗೆ. ಅಕ್ಕನಿಗೆ ಅರ್ಥವಾಗಿದೆ. ಹಲಗೆ ನಿಲ್ಲಿಸಿ, ಬೆನ್ನು ತಿರುಗಿಸಿ ಕೆಸರಿನಲ್ಲೇ ಕೂತುಬಿಟ್ಟಿದ್ದಾಳೆ, ಮಗು ಓಡುವುದು ನಿಲ್ಲಲಿ ಅಂತ. ಕತ್ತಿನ ಚೀಲದಿಂದ ಫೋನ್ ತೆಗೆದು ನನಗೆ ಮಾಡಿದ್ದಾಳೆ. ಮೂರು ಸಲ. ಆಮೇಲೆ ಪ್ಯೊಗೆ. ಕೊನೆಗೆ ಮಗನಿಗೆ. ಅವನು ಹೊಸ್ತಿಲು ದಾಟುವ ಹಾಗಿಲ್ಲದ ಹೊತ್ತು. ಪೇಟೆಯ ರಕ್ಷಣಾ ದಳಕ್ಕೂ ಆಫೀಸರಿಗೂ ಅವನೇ ಫೋನ್ ಮಾಡಿದ್ದಾನೆ. ಮೂರು ಮನೆಯಾಚೆಯ ಸುದ್ದಿ ಪೇಟೆಗೆ ಹೋಗಿ ತಿರುಗಿ ನನ್ನ ಕಿವಿಗೆ ಬಂತು.

ನಾನು ಕಟ್ಟೆ ಹತ್ತಿದಾಗ ಮಗು ತೊಡೆಯವರೆಗೆ ಹೂತುಹೋಗಿತ್ತು. ಕೊರಕಲು ತುಂಬಿ ಬೂದು ನೀರು ಸುತ್ತ ಹರಡುತ್ತಿತ್ತು. ಮಗು ಅಳುತ್ತಿರಲಿಲ್ಲ. ಅದೇ ನನ್ನನ್ನು ಕೊಂದುಹಾಕಿತು.

"ಸೆಬೊಮ್! ಹೇನಮ್ ಅಜ್ಜಿ ಬರ್ತಾಳೆ! ಅವಳ ಕೈ ಹಿಡ್ಕೋ!"

"ನೀನೇ ಓಡು ಅಂದಿದ್ದೆ!"

"ತಪ್ಪು ಹೇಳಿದ್ದೆ! ಹಿಡ್ಕೋ ಅವಳನ್ನ!"

ಆಗ ಅಕ್ಕ ತಿರುಗಿದಳು. ಹಲಗೆ ಜಾರಿತು. ಮಗುವಿನ ಕಂಕುಳಿಗೆ ಕೈ ಹಾಕಿ, ಮಕಾಡೆ ಹಲಗೆಯ ಮೇಲೆ ಎಳೆದು ಹಾಕಿಕೊಂಡು, ನೀರು ಹಿಮ್ಮಡಿ ಮುಟ್ಟುತ್ತಿರುವಾಗಲೇ ತಳ್ಳಿಕೊಂಡು ಬಂದಳು. ಮಗುವಿನ ಒಂದು ಬೂಟು ಅಲ್ಲೇ ಉಳಿಯಿತು. ಇಷ್ಟು ಹೊತ್ತಿಗೆ ಅದರ ಮೇಲೆ ಆಳಿನುದ್ದ ನೀರಿರುತ್ತದೆ.

ಅಕ್ಕ ದಡದಲ್ಲಿ ಮಗುವನ್ನು ನನ್ನ ಮಡಿಲಿಗೆ ಹಾಕಿ, ಕೈ ಒರೆಸಿಕೊಂಡು, ಹಲಗೆ ಎಳೆದುಕೊಂಡು ಹೋದಳು.

ನವೆಂಬರ್ ೧೭. ಹವೆ ನೋಡಲಿಲ್ಲ.

ಮಗು ಮಲಗಿದೆ. ಜ್ವರವಿಲ್ಲ. ಉಸಿರು ನೋಡುತ್ತ ಕೂತಿದ್ದೇನೆ.

ನವೆಂಬರ್ ೧೮. ತಣ್ಣಗಿನ ಬಿಸಿಲು.

ಹೇಳಿದೆ. ಆಫೀಸರು ಮೆಂಗ್‌ಳನ್ನು ಕೇಳಿಕೊಂಡೇ ಮಗುವಿಗೆ ಹೇಳಿದೆ. ಅವಳು ಫೋನಿನಲ್ಲಿ ಒಂದೊಂದೇ ಮಾತು ನಿಧಾನವಾಗಿ ಹೇಳಿಕೊಟ್ಟಳು, ಅಕ್ಷರ ತಿದ್ದಿಸಿದ ಹಾಗೆ. ಮೈಯಲ್ಲಿ ಯಾವ ಜಾಗವನ್ನು ಯಾರೂ ಮುಟ್ಟಬಾರದು. ಯಾರೂ ಅಂದರೆ ಮಾಮನೂ ಇಲ್ಲ, ಮೇಷ್ಟ್ರೂ ಇಲ್ಲ, ಊರ ಯಜಮಾನನೂ ಇಲ್ಲ. ಅಜ್ಜಿಗೆ ಹೇಳಬೇಡ ಅಂದವನ ಮಾತು ಮೊದಲು ಅಜ್ಜಿಗೆ ಹೇಳಬೇಕು. ಆ ಮನೆಯ ಮಾಮ ಒಬ್ಬ ಹುಡುಗಿಗೆ ಅಂಥದ್ದು ಮಾಡಿ ಜೈಲಿಗೆ ಹೋಗಿದ್ದ. ಅವನಿರುವ ಕಡೆ ನೀನು ಹೋಗಬಾರದು. ಹೇನಮ್ ಅಜ್ಜಿ ಅಂಥದ್ದು ಮಾಡಿಲ್ಲ.

ನನ್ನ ಮುಖ ಒಲೆಯ ಹಾಗೆ ಸುಡುತ್ತಿತ್ತು. ಮಗು ಸಮಾಧಾನವಾಗಿ ಕೇಳಿತು.

"ಇಷ್ಟೇನಾ?" ಅಂದಳು. "ಅವ್ರ ಮನೇಲಿ ಏನೋ ರೋಗ ಇದೆ, ಮುಟ್ಟಿದ್ರೆ ನಮಗೂ ಬಂದು ಸತ್ತುಹೋಗ್ತೀವಿ ಅಂದ್ಕೊಂಡಿದ್ದೆ. ನಾನು ಗೆಣಸು ತಿಂದಿದ್ನಲ್ಲ, ಅದಕ್ಕೆ ನನಗೂ ಬಂದಿದೆ ಅಂದ್ಕೊಂಡಿದ್ದೆ."

ಒಂದು ತಿಂಗಳು ಆ ಪುಟ್ಟ ಎದೆ ಅದನ್ನು ಹೊತ್ತುಕೊಂಡು ಮಲಗಿತ್ತು. ಹವೆ ಬದಲಾಗಿದೆ ಅಂತ ನಾನು ಹಾಸಿಗೆ ಒಗೆದೆ.

ನವೆಂಬರ್ ೨೦. ಗಾಳಿ.

ಅಕ್ಕನ ಅಂಗಳಕ್ಕೆ ಹೋದೆ. ಅವಳು ಇರಲಿಲ್ಲ. ಬಾಗಿಲೊಳಗೆ ಅವನಿದ್ದ. ನನ್ನನ್ನು ನೋಡಿ ಎದ್ದು ನಿಂತ, ಹೊಸ್ತಿಲ ಹತ್ತಿರ ಬರಲಿಲ್ಲ. ನಾನೂ ಅಂಗಳ ದಾಟಲಿಲ್ಲ.

"ಫೋನ್ ಮಾಡಿದ್ದು ಸರಿ ಮಾಡ್ದೆ," ಅಂದೆ. "ಅಷ್ಟಕ್ಕೇ ಒಳ್ಳೆಯವನಾದೆ ಅಂದ್ಕೋಬೇಡ."

"ಇಲ್ಲಮ್ಮ."

"ಅವತ್ತು ಕೆಸರಿಗೆ ನೀನೇ ಓಡಿ ಬಂದಿದ್ರೆ ಗುದ್ದಲಿ ಎತ್ತಿ ತಲೆ ಒಡೀತಿದ್ದೆ."

"ಗೊತ್ತಿತ್ತು."

ತಿರುಗಿ ಬಂದೆ. ಮನೆಗೆ ಬಂದ ಮೇಲೂ ಬೆನ್ನಿನಲ್ಲಿ ಚಳಿ.

ನವೆಂಬರ್ ೨೧. ಮೋಡ.

ಮನವಿ ಹಿಡಿದುಕೊಂಡು ಪ್ಯೊ ಪೇಟೆಗೆ ಹೊರಟಿದ್ದ. ಕೊಡು ಇಲ್ಲಿ ಅಂದೆ.

"ಒತ್ತಿದ ಮೊಹರು ಅಳಿಸೋಕೆ ಬರಲ್ಲ ಅತ್ತಿಗೆ. ಅವರು ಮಗು ಉಳಿಸಿದ್ರು ಅಂತ ಕರಗಿಬಿಟ್ರಾ?"

"ಕರಗೋಕೆ ನಾನೇನು ಬೆಲ್ಲಾನಾ? ನೀನು ಇವನನ್ನ ಓಡಿಸಿದ್ರೆ ಎಲ್ಲಿಗೆ ಹೋಗ್ತಾನೆ ಹೇಳು. ಇಲ್ಲಿ ಎಷ್ಟು ಹೊತ್ತಿಗೆ ಏಳ್ತಾನೆ, ಎಷ್ಟು ಹೊತ್ತಿಗೆ ಬಟ್ಟೆ ಒಣಹಾಕ್ತಾನೆ, ನನಗೆ ಗೊತ್ತು. ಅಲ್ಲಿ ಇನ್ನೊಬ್ಬ ಅಜ್ಜಿಗೆ ಏನು ಗೊತ್ತಿರುತ್ತೆ?"

ನನ್ನ ಮೊಹರಿನ ಪಕ್ಕದಲ್ಲಿ ಬರೆದೆ. ಅಕ್ಷರ ಸೊಟ್ಟಗಾಯಿತು. 'ಇವನು ಇಲ್ಲೇ ಇರಲಿ. ನನ್ನ ಕಣ್ಣಿಗೆ ಕಾಣುವ ಹಾಗೆ.'

"ಹುಚ್ಚು ಮುದುಕಿ," ಅಂದ ಪ್ಯೊ. ಬ್ಯಾನರನ್ನೂ ನಾನೇ ಬಿಚ್ಚಿಕೊಂಡು ಬಂದೆ. ಚಳಿಗಾಲಕ್ಕೆ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲ ಬಂತು, ಅಂಗಳಕ್ಕೆ ಹಾಸಲು ಒಳ್ಳೆಯ ಗಟ್ಟಿ ಬಟ್ಟೆ.

ನವೆಂಬರ್ ೨೭. ಹಿಮದ ವಾಸನೆ.

ಅಕ್ಕನೂ ನಾನೂ ನನ್ನ ಅಂಗಳದಲ್ಲಿ ಎಲೆಕೋಸು ಸೀಳಿ ಉಪ್ಪು ಹಾಕಿದೆವು. ಬೇರೆ ಯಾರೂ ಬರಲಿಲ್ಲ. ಬ್ಯಾನರನ್ನು ಅಕ್ಷರ ಕೆಳಗೆ ಮಾಡಿ ಹಾಸಿದ್ದೆ. ಅಕ್ಕ ನೋಡಿದಳು, ನೋಡದ ಹಾಗೆ ಕೂತಳು.

ಹತ್ತಾರು ಎಲೆಕೋಸು ಮುಗಿದವು. ಆಮೇಲೆ ನಾನೇ ಅಂದೆ. "ನನಗೆ ಇನ್ನೂ ಭಯ ಇದೆ ಅಕ್ಕ. ಸುಳ್ಳು ಯಾಕೆ ಹೇಳ್ಲಿ."

"ನಿನ್ನ ಭಯ ಬಸ್ ಬಂದು ಮಗು ಮನೆ ಸೇರೋವರೆಗೆ," ಅಂದಳು. "ನಾನು ಅದೇ ಸೂರಿನ ಕೆಳಗೆ ಮಲಗ್ತೀನಿ ಕಣೆ. ಅವನು ರಾತ್ರಿ ಎದ್ದರೆ ನಾನೂ ಏಳ್ತೀನಿ. ಬಚ್ಚಲ ಬಾಗಿಲು ಮುಚ್ಚಿದ ಸದ್ದು, ತೆಗೆದ ಸದ್ದು ಕೇಳ್ಕೊಂಡು ಮಲಗಿರ್ತೀನಿ. ಹೆತ್ತವಳಿಗೆ ಹೀಗೊಂದು ಬಾಳು."

ಅವಳ ಕೈ ಉಪ್ಪುನೀರಿನಲ್ಲಿ ಕೆಂಪಾಗಿತ್ತು. ಹಿಡಿಯೋಣ ಅನ್ನಿಸಿತು. ಇನ್ನೊಂದು ಎಲೆಕೋಸು ಎತ್ತಿಕೊಟ್ಟೆ.

"ಕಾಂಗ್ಜಿನ್, ಒಂದು ಮಾತು. ಅವನ ಕಣ್ಣು, ಕಾಲು, ಏನೇ ಒಂದು ಚೂರು ದಾರಿ ತಪ್ಪಿತು ಅಂತ ನನಗೆ ಕಂಡ್ರೂ ಮೊದಲು ನಿನಗೇ ಫೋನ್ ಮಾಡ್ತೀನಿ. ಆಫೀಸರಿಗೂ ಆಮೇಲೆ." ಚಾಕು ನಿಲ್ಲಿಸಿ ನನ್ನ ಮುಖ ನೋಡಿದಳು. "ಎತ್ತುತ್ತೀಯಾ?"

ನವೆಂಬರ್ ೨೮. ಮೊದಲ ಹಿಮ, ತೆಳ್ಳಗೆ.

ನಿನ್ನೆ ರಾತ್ರಿ ಫೋನಿನ ಸದ್ದನ್ನು ಪೂರ್ತಿ ಏರಿಸಿಕೊಡು ಅಂತ ಸೆಬೊಮ್‌ಗೆ ಹೇಳಿದೆ. "ಯಾಕಜ್ಜಿ, ಕಿವುಡಾದೆಯಾ?" ಅಂದಳು. ಬಾಯಿಬಡುಕಿ. ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆ.

ಬೆಳಗಾಗುವ ಹೊತ್ತಿಗೆ ಹೊಡೆದುಕೊಂಡಿತು. ಹೇನಮ್ ಅಂತ ಅಕ್ಷರ. ಮೊದಲು ಕೈಚಾಚಿ ಪಕ್ಕದ ಹಾಸಿಗೆಯಲ್ಲಿ ಮಗುವಿನ ತಲೆ ಮುಟ್ಟಿ ನೋಡಿದೆ. ಇತ್ತು, ಬೆಚ್ಚಗೆ. ಎತ್ತಿದೆ.

"ಹೇಳು ಅಕ್ಕ."

"ಎಲೆಕೋಸು ಮಗುಚಿ ಹಾಕಿದ್ಯಾ? ಕೆಳಗಿನದಕ್ಕೇ ಉಪ್ಪು ಹಿಡಿದುಬಿಡುತ್ತೆ."

"ಹಾಕ್ತೀನಿ."

"ಸರಿ ಹಾಗಾದ್ರೆ."

ಅವಳು ಫೋನ್ ಇಟ್ಟಳು. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ, ಬಹಳ ಹೊತ್ತು.